ಅಪ್ಪಂಗೂ ಮೈಲೋಮಾ, ಈಗ ಅಮ್ಮಂಗೂ ಮೈಲೋಮಾ. ಒಂದೇ ಮನೇಲಿ ಇಬ್ಬರಿಗೆ ಹೇಗೆ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ಮೂರು ಚನ್ನಗಿರಿ ಹತ್ರ, ಅಡಿಕೆ ತೋಟ, ಸ್ವಲ್ಪ ಗದ್ದೆ ಇದೆ. ಅಪ್ಪಂಗೆ 2019ರಲ್ಲಿ ಮಲ್ಟಿಪಲ್ ಮೈಲೋಮಾ ಅಂತ ಗೊತ್ತಾಯ್ತು, ಆಗ 64 ವರ್ಷ. ಹೋದ ವರ್ಷ ಅಮ್ಮಂಗೆ ಬೆನ್ನುನೋವು ಅಂತ ತೋರಿಸಿದ್ರೆ ಅವರಿಗೂ ಅದೇ ಕಾಯಿಲೆ. ಅಮ್ಮ ಅಪ್ಪಂಗೆ ಸೋದರಮಾವನ ಮಗಳೇ ಆಗ್ಬೇಕು. ನೆಂಟರೆಲ್ಲ ಅಂಟ್ಕೊಂಡಿದೆ ಅಂತಿದಾರೆ, ದೊಡ್ಡಮ್ಮ ನಮ್ಮನೆಗೆ ಬಂದ್ರೆ ಕಾಫಿ ಕೂಡ ಕುಡಿಯಲ್ಲ. ಇದು ಬೋರ್ ನೀರಿಂದ ಬಂತಾ, ತೋಟಕ್ಕೆ ಹೊಡೆಯೋ ಔಷಧಿಯಿಂದನಾ, ಅಪ್ಪನ ಮಾತ್ರೆ ಅಮ್ಮನೇ ಕೈಯಿಂದ ಕೊಡ್ತಿದ್ರು ಅದಕ್ಕಾ? ನಂಗೆ 39, ತಂಗಿಗೆ 35. ನಮಗೂ ಬರುತ್ತಾ?

ಉತ್ತರ: ಕಾಫಿ ವಿಷಯ ಮೊದಲು ಮುಗಿಸ್ಬಿಡೋಣ, ನೀವು ಬರೆದಿದ್ರಲ್ಲಿ ನಂಗೆ ತುಂಬಾ ಬೇಜಾರಾಗಿದ್ದು ಅದೇ. ಮೈಲೋಮಾ ಅಂದ್ರೆ ಮೂಳೆಯೊಳಗಿನ ಬೋನ್ ಮ್ಯಾರೋದಲ್ಲಿ ಹುಟ್ಟೋ ಒಂದು ಥರ ಬ್ಲಡ್ ಕ್ಯಾನ್ಸರ್, ಅದು ಅಂಟಲ್ಲ. ಎಂಜಲಿಂದ ಅಂಟಲ್ಲ, ಒಂದೇ ಲೋಟದಲ್ಲಿ ಕುಡಿದ್ರೆ ಅಂಟಲ್ಲ, ನಲವತ್ತು ವರ್ಷ ಒಂದೇ ಮನೇಲಿ ಸಂಸಾರ ಮಾಡಿದ್ರೂ ಅಂಟಲ್ಲ. ಒಬ್ಬರ ಕ್ಯಾನ್ಸರ್ ಕೋಶ ಹೇಗೋ ಇನ್ನೊಬ್ಬರ ಮೈಗೆ ಹೋಯ್ತು ಅಂತಾನೇ ಇಟ್ಕೊಳ್ಳಿ, ಆ ಮೈ ಅದನ್ನ ಪರಕೀಯ ಅಂತ ಗುರುತು ಹಿಡಿದು ಕೊಂದುಹಾಕುತ್ತೆ. ಕಿಡ್ನಿ ಕಸಿ ಮಾಡಿಸ್ಕೊಂಡವರು ಜೀವನಪೂರ್ತಿ ಮಾತ್ರೆ ನುಂಗ್ತಾರಲ್ಲ, ಬೇರೆಯವರ ಕೋಶನ ಮೈ ಸಹಿಸ್ಕೊಳ್ಳಲಿ ಅಂತಾನೇ ಅದು, ಮಾತ್ರೆ ಬಿಟ್ರೆ ಒಳ್ಳೇ ಕಿಡ್ನಿನೇ ಉಳಿಯಲ್ಲ, ಇನ್ನು ಕ್ಯಾನ್ಸರ್ ಕೋಶ ಎಲ್ಲಿ ಉಳೀಬೇಕು.

ಇದಕ್ಕೆ ಸಾಕ್ಷಿ ನಿಮ್ಮನೇಲೇ ಇದೆ. ಅಪ್ಪನ ಫೈಲು, ಅಮ್ಮನ ಫೈಲು ಎರಡೂ ಪಕ್ಕಪಕ್ಕ ಇಟ್ಕೊಂಡು ನೋಡಿ. ಮೈಲೋಮಾ ಶುರುವಾಗೋದು ಬೋನ್ ಮ್ಯಾರೋ ಒಳಗಿರೋ ಒಂದೇ ಒಂದು ಪ್ಲಾಸ್ಮಾ ಕೋಶದಿಂದ. ಪ್ಲಾಸ್ಮಾ ಕೋಶದ ಕೆಲಸ ಆಂಟಿಬಾಡಿ ಮಾಡೋದು, ಒಂದೊಂದು ಕೋಶನೂ ಒಂದೊಂದೇ ನಮೂನೆಯ ಆಂಟಿಬಾಡಿ ಮಾಡುತ್ತೆ, ಆ ಕೋಶ ಕೆಟ್ಟು ಕೋಟ್ಯಂತರ ಆದಾಗ ಅದೇ ಒಂದು ನಮೂನೆಯ ಪ್ರೋಟೀನ್ ರಕ್ತದಲ್ಲಿ ತುಂಬ್ಕೊಳ್ಳುತ್ತೆ, ರಕ್ತದ ಪ್ರೋಟೀನ್ ಬೇರೆ ಮಾಡಿ ನೋಡೋ ಎಲೆಕ್ಟ್ರೋಫೋರೆಸಿಸ್ ರಿಪೋರ್ಟ್‌ನಲ್ಲಿ ಗೋಪುರದ ಥರ ಒಂದು ಚೂಪು ಏರು ಕಾಣ್ಸುತ್ತಲ್ಲ ಅದೇ ಎಂ ಬ್ಯಾಂಡ್. ಅಪ್ಪಂದು ಐಜಿಜಿ ಕಪ್ಪಾ ಅಂತಿದ್ದು ಅಮ್ಮಂದು ಐಜಿಎ ಲ್ಯಾಂಬ್ಡಾ ಅಂತಿದ್ರೆ ಅಲ್ಲಿಗೇ ಮಾತು ಮುಗೀತು, ಎರಡೂ ಬೇರೆ ಬೇರೆ ಗಿಡ. ಇಬ್ಬರದ್ದೂ ಐಜಿಜಿ ಕಪ್ಪಾನೇ ಇದ್ರೂ ಗಾಬರಿ ಬೇಡ, ಎಲ್ಲದಕ್ಕಿಂತ ಜಾಸ್ತಿ ಕಾಣ್ಸೋ ನಮೂನೆ ಅದೇ. ಆಗ ಅಮ್ಮನ ಬೋನ್ ಮ್ಯಾರೋದ ಕ್ರೋಮೋಸೋಮ್ ರಿಪೋರ್ಟ್ ತೆಗೀರಿ, ಅದರಲ್ಲಿ ಸಾಮಾನ್ಯವಾಗಿ ಹೆಂಗಸರ ಗುರುತಾದ ಎಕ್ಸ್ ಎಕ್ಸ್ ಇರುತ್ತೆ. ಅಪ್ಪನ ಕಾಯಿಲೆನೇ ಅಂಟಿದ್ರೆ ಅಲ್ಲಿ ಸಾಮಾನ್ಯವಾಗಿ ಗಂಡಸರ ಗುರುತಾದ ಒಂದು ವೈ ಸಿಗ್ಬೇಕಿತ್ತಲ್ವಾ? ದೊಡ್ಡಮ್ಮಂಗೆ ಇದನ್ನ ಹೇಗೆ ವಿವರಿಸ್ತೀರೋ ಗೊತ್ತಿಲ್ಲ, ಆದ್ರೆ ಇದು ಒಳ್ಳೇ ಸಾಕ್ಷಿ.

ಇನ್ನೊಂದು ಮಾತು ನಡುವೆ. ಗಂಡ ಹೆಂಡತಿ ಇಬ್ಬರಿಗೂ ಬ್ಲಡ್ ಕ್ಯಾನ್ಸರ್ ಅಂತ ಬರೋರಲ್ಲಿ ತುಂಬಾ ಜನಕ್ಕೆ ಇರೋದು ಒಂದೇ ಕಾಯಿಲೆ ಅಲ್ವೇ ಅಲ್ಲ. ನನ್ನ ಓಪಿಡಿಗೆ ಒಂದು ಜೋಡಿ ಬರ್ತಾರೆ, ಯಜಮಾನ್ರಿಗೆ ಸಿಎಂಎಲ್ ಅನ್ನೋ ಲ್ಯುಕೇಮಿಯಾ, ದಿನಕ್ಕೊಂದು ಮಾತ್ರೆ ನುಂಗ್ಕೊಂಡು ಆರಾಮಾಗಿದಾರೆ, ಹೆಂಡತಿಗೆ ಲಿಂಫ್ ಗ್ರಂಥಿಯಲ್ಲಿ ಶುರುವಾಗೋ ಲಿಂಫೋಮಾ, ಕೀಮೋ ಆಗಿ ವಾಸಿಯಾಗಿದೆ. ಊರವರ ಬಾಯಲ್ಲಿ ಎರಡೂ "ಬ್ಲಡ್ ಕ್ಯಾನ್ಸರ್". ಹುಟ್ಟೋ ಕೋಶ ಬೇರೆ, ಕಾರಣ ಬೇರೆ, ಔಷಧಿ ಬೇರೆ, ಹೆಸರು ಮಾತ್ರ ಒಂದು. ನಿಮ್ಮನೇಲಿ ಇಬ್ಬರಿಗೂ ನಿಜವಾಗ್ಲೂ ಮೈಲೋಮಾನೇ, ಅದಕ್ಕೇ ಉದ್ದ ಉತ್ತರ ಬರೀತಿದೀನಿ.

ಇದು ಬರೀ ಕಾಕತಾಳೀಯ ಇರಬಹುದಾ ಅಂದ್ರೆ, ಇರಬಹುದು, ಮತ್ತೆ ನಾವು ಅಂದ್ಕೊಂಡಿದ್ದಕ್ಕಿಂತ ಸುಲಭವಾಗಿ ಆಗುತ್ತೆ. ಒಂದು ಮನೆಲೆಕ್ಕ ಮಾಡೋಣ, ಇದು ಬರೀ ಲೆಕ್ಕಕ್ಕೆ ಇಟ್ಕೊಂಡ ಅಂಕಿ. ಜೀವನದಲ್ಲಿ ಮೈಲೋಮಾ ಬರೋರು ಸಾವಿರಕ್ಕೆ ಒಬ್ಬರು ಅಂದ್ಕೊಳ್ಳಿ. ಗಂಡ ಹೆಂಡತಿ ಇಬ್ಬರಿಗೂ ಸುಮ್ಮನೆ ಆಕಸ್ಮಿಕವಾಗಿ ಬರೋ ಸಾಧ್ಯತೆ ಸಾವಿರ ಗುಣಿಸು ಸಾವಿರ, ಅಂದ್ರೆ ಹತ್ತು ಲಕ್ಷ ಜೋಡಿಗೆ ಒಂದು. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 30 ಲಕ್ಷ ಮನೆ ಇದ್ವು, ಜೋಡಿಗಳು ಒಂದು ಕೋಟಿ ಅಂತ ಹಿಡಿದ್ರೂ ಏನೂ ಕಾರಣ ಇಲ್ಲದೆನೇ ಹತ್ತು ಮನೇಲಿ ಹೀಗಾಗುತ್ತೆ. ಆ ಹತ್ತು ಮನೆಯವರಿಗೆ ಇದು ಆಕಸ್ಮಿಕ ಅಂತ ಯಾರು ಹೇಳಿದ್ರೂ ನಂಬಿಕೆ ಬರಲ್ಲ, ನನ್ನ ಮನೇಲಾದ್ರೂ ನಾನೂ ನಂಬ್ತಿರಲಿಲ್ಲವೇನೋ. ಅಮೆರಿಕದಲ್ಲಂತೂ ಮೈಲೋಮಾ ನಮಗಿಂತ ಜಾಸ್ತಿ, ಜೀವಮಾನದಲ್ಲಿ ನೂರಕ್ಕೆ ಒಬ್ಬರಿಗಿಂತ ಸ್ವಲ್ಪ ಕಮ್ಮಿ, ಅಲ್ಲಿ ಇಂಥ ಜೋಡಿಗಳು ಇನ್ನೂ ಜಾಸ್ತಿ ಸಿಗ್ತಾರೆ.

ಆಮೇಲೆ ಹುಡುಕಿದ್ದಕ್ಕೆ ಸಿಗೋದು ಅಂತ ಒಂದಿದೆ, ಇದನ್ನ ಜನ ಯೋಚ್ನೆನೇ ಮಾಡಲ್ಲ. ಅಮ್ಮಂಗೆ ಬೆನ್ನುನೋವು ಬಂತು. ಬೇರೆ ಮನೇಲಾಗಿದ್ರೆ ಏನ್ಮಾಡ್ತಿದ್ರು? ವಯಸ್ಸಾಯ್ತು ಅಂತ ಮುಲಾಮು, ಕ್ಯಾಲ್ಸಿಯಂ ಮಾತ್ರೆ, ಬೆಲ್ಟು, ಆರು ತಿಂಗಳು ಹಾಗೇ ತಳ್ತಿದ್ರು. ನೀವು ಹಾಗೆ ಮಾಡ್ಲಿಲ್ಲ, ಯಾಕಂದ್ರೆ ಅಪ್ಪನ ಕಾಯಿಲೆ ಮನೆಯವರ ತಲೇಲಿತ್ತು. ಒಬ್ಬರಿಗೆ ಬಂದ ಮನೇಲಿ ಇನ್ನೊಬ್ಬರದ್ದು ಬೇಗ ಹೊರಗೆ ಬರುತ್ತೆ. ಹೊರಗಿಂದ ನೋಡೋರಿಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋದ ಹಾಗೇ ಕಾಣುತ್ತೆ.

ಅದಕ್ಕೇ ರಿಪೋರ್ಟ್ ಮೇಲಿರೋ ತಾರೀಖನ್ನ ಕಾಯಿಲೆ ಹುಟ್ಟಿದ ತಾರೀಖು ಅಂತ ತಿಳ್ಕೋಬೇಡಿ. ಮೈಲೋಮಾ ಸಾಮಾನ್ಯವಾಗಿ ಒಮ್ಮೆಗೇ ಬರಲ್ಲ, ಅದಕ್ಕೆ ಮುಂಚೆ ಎಂಜಿಯುಎಸ್ ಅಂತ ಒಂದು ಸದ್ದಿಲ್ಲದ ಹಂತ ಇರುತ್ತೆ, ರಕ್ತದಲ್ಲಿ ಎಂ ಬ್ಯಾಂಡ್ ತೋರಿಸೋ ಆ ಪ್ರೋಟೀನ್ ಚೂರು ಇರುತ್ತೆ ಅಷ್ಟೇ, ನೋವಿಲ್ಲ ಸುಸ್ತಿಲ್ಲ. ಅಮೆರಿಕದ ಮಿನೆಸೋಟಾದಲ್ಲಿ ಒಂದು ಜಿಲ್ಲೆಯಲ್ಲಿ 50 ದಾಟಿದ ಹೆಚ್ಚಿನವರ ರಕ್ತ ನೋಡಿದಾಗ ಅವರಲ್ಲಿ ನೂರಕ್ಕೆ ಸುಮಾರು ಮೂರು ಜನಕ್ಕೆ ಇದಿತ್ತು, ಅವರಲ್ಲೂ ವರ್ಷಕ್ಕೆ ನೂರರಲ್ಲಿ ಒಬ್ಬರಿಗೆ ಮಾತ್ರ ಅದು ಮೈಲೋಮಾ ಅಥವಾ ಅಂಥದ್ದೇ ಕಾಯಿಲೆ ಆಗುತ್ತೆ, ಉಳಿದವರು ಅದು ಇದೆ ಅಂತ ಗೊತ್ತಿಲ್ದೇನೇ ಬದುಕು ಮುಗಿಸ್ತಾರೆ. ಹಾಗಾಗಿ 2019ರಲ್ಲಿ ಅಪ್ಪನ ಹಾಸಿಗೆ ಪಕ್ಕ ಅಮ್ಮ ಕೂತಿದ್ರಲ್ಲ, ಆಗಲೇ ಅವರ ರಕ್ತದಲ್ಲೂ ಇದು ಸದ್ದಿಲ್ಲದೆ ಇದ್ದಿರಬಹುದು. ಅಪ್ಪನ ಸೇವೆ ಮಾಡಿದ್ದಕ್ಕೆ ಬಂತು ಅನ್ನೋ ಮಾತನ್ನ ಅಮ್ಮನ ಎದುರಿಗೆ ಯಾರೂ ಆಡದಂಗೆ ನೋಡ್ಕೊಳ್ಳಿ.

ಈಗ ಔಷಧಿ ವಿಷಯ. ನಮ್ಮ ಕಡೆ ವಿಷಕ್ಕೂ ಔಷಧಿ ಅಂತಾನೇ ಹೆಸರು, "ತೋಟಕ್ಕೆ ಔಷಧಿ ಹೊಡೀಬೇಕು" ಅಂತೀವಿ, ಆ ಹೆಸರೇ ಅರ್ಧ ಕೇಡು ಮಾಡಿದೆ ಅಂತ ನಂಗನ್ಸುತ್ತೆ. ಒಂದೇ ಮನೆಯ ಇಬ್ಬರಿಗೂ ತಗಲೋ ಕಾರಣ ಏನಾದ್ರೂ ಇದ್ರೆ ನಾನು ಮೊದಲು ಕೇಳೋದು ಇದನ್ನೇ. ಕೇಳೋವಾಗ ಜನ ಗಂಡಸರನ್ನ ಮಾತ್ರ ಕೇಳ್ತಾರೆ, ಅವರೇ ತಾನೇ ಬೆನ್ನಿಗೆ ಪಂಪು ಹಾಕ್ಕೊಂಡು ಹೊಡೆಯೋದು ಅಂತ. ಆದ್ರೆ ನೀವೇ ನೆನಪು ಮಾಡ್ಕೊಳ್ಳಿ, ಕೊಡದಲ್ಲಿ ನೀರು ತಂದು ಡ್ರಮ್ಮಿಗೆ ಹಾಕೋರು ಯಾರು, ಕೋಲು ಹಿಡಿದು ಕಲಸೋರು ಯಾರು, ಸಂಜೆ ಅಪ್ಪ ಬಿಚ್ಚಿ ಬಚ್ಚಲಲ್ಲಿ ಎಸೆದ ಆ ಒದ್ದೆ ಅಂಗಿ ಲುಂಗಿನ ಬರಿಗೈಯಲ್ಲಿ ಕಲ್ಲಿಗೆ ಕುಕ್ಕಿ ಒಗೆಯೋರು ಯಾರು. ಹಳೇ ಕಾಲದಲ್ಲಿ ಬಿಎಚ್‌ಸಿ ಪುಡಿ ಅಂತ ಬರ್ತಿತ್ತು, ಕಾಳಿಗೆ ಹುಳ ಬೀಳ್ಬಾರ್ದು ಅಂತ ಕೈಯಲ್ಲೇ ಎರಚಿ ಮೂಟೆ ಕಟ್ಟಿಡೋರು, ಆ ಕೆಲಸ ಪೂರ್ತಿ ಹೆಂಗಸರದ್ದೇ. 1997ರಲ್ಲಿ ಅದನ್ನ ನಮ್ಮ ದೇಶದಲ್ಲಿ ನಿಷೇಧ ಮಾಡಿದ್ರು. ಅದರೊಳಗಿನ ಅಸಲಿ ಸರಕು ಲಿಂಡೇನ್, ಅದನ್ನ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ ಮೊದಲನೇ ಗುಂಪಿಗೆ ಹಾಕಿತು, ಅಂದ್ರೆ ಕ್ಯಾನ್ಸರ್ ತರುತ್ತೆ ಅನ್ನೋದಕ್ಕೆ ಸಾಕಷ್ಟು ಪುರಾವೆ ಇರೋ ಗುಂಪು, ಆದ್ರೆ ಆ ಪುರಾವೆ ಇರೋದು ನಾನ್ ಹಾಡ್ಜ್‌ಕಿನ್ ಲಿಂಫೋಮಾಗೆ, ಮೈಲೋಮಾಗಲ್ಲ.

ಮೈಲೋಮಾಗೇ ಹತ್ರ ಬರೋ ಪುರಾವೆ ಅಂದ್ರೆ ಅಮೆರಿಕದ ರೈತರದ್ದು. ಅಯೋವಾ, ನಾರ್ತ್ ಕೆರೊಲಿನಾ ಎರಡು ರಾಜ್ಯಗಳಲ್ಲಿ 1993ರಿಂದ 1997ರೊಳಗೆ ಔಷಧಿ ಹೊಡೆಯೋರು, ಅವರ ಹೆಂಡತಿ ಅಥವಾ ಗಂಡ ಎಲ್ಲರನ್ನೂ ಸೇರಿಸಿ ಸುಮಾರು 89 ಸಾವಿರ ಜನರ ಹೆಸರು ಬರ್ಕೊಂಡು ಇವತ್ತಿಗೂ ಅವರ ಆರೋಗ್ಯದ ಲೆಕ್ಕ ಇಡ್ತಿದಾರೆ. ಅವರಲ್ಲಿ ಔಷಧಿ ಹೊಡೆಯೋ 678 ಗಂಡಸರ ರಕ್ತ ಪರೀಕ್ಷೆ ಮಾಡಿದ ವರದಿ 2009ರಲ್ಲಿ ಬಂತು, ಆಗಲೇ ಹೇಳಿದ ಎಂಜಿಯುಎಸ್ ಇವರಲ್ಲಿ ಆ ಮಿನೆಸೋಟಾದ ಗಂಡಸರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಇತ್ತು. ಕ್ಲೋರೋಥಲೋನಿಲ್ ಅನ್ನೋ ಶಿಲೀಂಧ್ರನಾಶಕ, ಡೈಎಲ್ಡ್ರಿನ್ ಅನ್ನೋ ಹಳೇ ಕೀಟನಾಶಕ ಬಳಸಿದವರಲ್ಲಿ ಇನ್ನೂ ಜಾಸ್ತಿ. ವಿಯೆಟ್ನಾಂ ಯುದ್ಧದಲ್ಲಿ ವಿಮಾನದಿಂದ ಏಜೆಂಟ್ ಆರೆಂಜ್ ಅನ್ನೋ ಗಿಡನಾಶಕ ಸುರಿದ ವಾಯುಪಡೆಯವರ ರಕ್ತ ನೋಡಿದಾಗಲೂ ಇದೇ ಥರ, ಅವರಲ್ಲಿ ನೂರಕ್ಕೆ 7 ಜನಕ್ಕೆ ಎಂಜಿಯುಎಸ್, ಆ ಕೆಲಸ ಮಾಡದ ಸೈನಿಕರಲ್ಲಿ 3. ಹಂಗಂತ ನಿಮ್ಮಪ್ಪ ಅಮ್ಮಂಗೆ ಇದರಿಂದಾನೇ ಬಂತು ಅಂತ ನಾನಾಗಲಿ ಯಾರೇ ಆಗಲಿ ಹೇಳಕ್ಕಾಗಲ್ಲ. ಗುಂಪಿನಲ್ಲಿ ಕಾಣೋದನ್ನ ಒಬ್ಬರ ಮೇಲೆ ಹೊರಿಸೋ ಪರೀಕ್ಷೆ ಯಾವ ಲ್ಯಾಬಲ್ಲೂ ಇಲ್ಲ, ಮೈಲೋಮಾ ಕೋಶದ ಮೇಲೆ ಇದು ಯಾವ ಡಬ್ಬದಿಂದ ಬಂತು ಅಂತ ಸೀಲ್ ಬಿದ್ದಿರಲ್ಲ. ಅಂದಹಾಗೆ ಅಡಿಕೆಗೆ ಹೊಡೆಯೋ ಬೋರ್ಡೋ, ಅದೇ ಮೈಲುತುತ್ತ ಸುಣ್ಣ, ಅದರ ಬಗ್ಗೆ ಮೈಲೋಮಾ ಭಯ ಬೇಡ. ಪೋರ್ಚುಗಲ್ಲಿನ ದ್ರಾಕ್ಷಿ ತೋಟದವರಿಗೆ ಅದರಿಂದ ಶ್ವಾಸಕೋಶ ಹಾಳಾಗಿದ್ದು 1969ರಲ್ಲೇ ವರದಿಯಾಗಿದೆ, ಹಾಗಾಗಿ ಮೂಗಿಗೆ ಬಟ್ಟೆ ಕಟ್ಟಿದ್ರೆ ಸಾಲದು, ಸರಿಯಾದ ಮಾಸ್ಕ್ ಬೇಕು, ಆದ್ರೆ ಅದು ಬೇರೆ ಕಥೆ.

ಗಂಡ ಹೆಂಡತಿ ಇಬ್ಬರಿಗೂ ಒಂದೇ ಥರ ಬ್ಲಡ್ ಕ್ಯಾನ್ಸರ್ ಬಂದು ಕೋರ್ಟಿಗೆ ಹೋದ ಕೇಸೂ ಇದೆ. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅನ್ನೋ ಊರಿನ ಎಪ್ಪತ್ತು ದಾಟಿದ ದಂಪತಿ, ಮೂವತ್ತು ವರ್ಷ ತಮ್ಮ ಜಾಗದ ಕಳೆಗೆ ರೌಂಡಪ್ ಹೊಡೆದವರು, ಗಂಡಂಗೆ 2011ರಲ್ಲಿ, ಹೆಂಡತಿಗೆ 2015ರಲ್ಲಿ ನಾನ್ ಹಾಡ್ಜ್‌ಕಿನ್ ಲಿಂಫೋಮಾ. 2019ರ ಮೇ ತಿಂಗಳಲ್ಲಿ ಜ್ಯೂರಿ ರೌಂಡಪ್ ತಯಾರಿಸಿದ ಮೊನ್ಸಾಂಟೊ ಕಂಪನಿ 200 ಕೋಟಿ ಡಾಲರಿಗೂ ಹೆಚ್ಚು ಕೊಡಬೇಕು ಅಂತ ಹೇಳ್ತು, ಆಮೇಲೆ ಜಡ್ಜ್ ಅದನ್ನ ಸುಮಾರು 8 ಕೋಟಿ 70 ಲಕ್ಷ ಡಾಲರಿಗೆ ಇಳಿಸಿದ್ರು, ಮೇಲಿನ ಕೋರ್ಟೂ ಅದನ್ನ ಎತ್ತಿಹಿಡೀತು. ಇದನ್ನ ವಾಟ್ಸಾಪಲ್ಲಿ ಓದಿದವರು ಹಾಗಾದ್ರೆ ಸಾಬೀತಾಯ್ತಲ್ಲ ಅಂತಾರೆ. ಕೋರ್ಟಿನ ತೀರ್ಪು ಬೇರೆ, ವಿಜ್ಞಾನದ ತೀರ್ಪು ಬೇರೆ ಕಣ್ರೀ. ರೌಂಡಪ್ಪಲ್ಲಿರೋ ಗ್ಲೈಫೋಸೇಟನ್ನ ಐಎಆರ್‌ಸಿ 2015ರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಅನ್ನೋ ಗುಂಪಿಗೆ ಹಾಕಿದ್ದು ನಿಜ, ಅಮೆರಿಕದ ಪರಿಸರ ಇಲಾಖೆ ಅದನ್ನ ಒಪ್ಪಲ್ಲ ಅನ್ನೋದೂ ನಿಜ. ಆಗ ಹೇಳಿದ್ನಲ್ಲ ಅಯೋವಾ ರೈತರ ಅಧ್ಯಯನ, ಅದರಲ್ಲೇ 54 ಸಾವಿರ ಜನರ ಲೆಕ್ಕ ತೆಗೆದು 2018ರಲ್ಲಿ ಗ್ಲೈಫೋಸೇಟಿಗೂ ಲಿಂಫೋಮಾಗೂ ಒಟ್ಟಾರೆ ನಂಟು ಕಾಣ್ಲಿಲ್ಲ ಅಂದ್ರು, ಮರುವರ್ಷ ಇನ್ನೊಂದು ತಂಡ ಹಲವು ಅಧ್ಯಯನ ಒಟ್ಟು ಹಾಕಿ ತೀರಾ ಜಾಸ್ತಿ ಬಳಸಿದವರಲ್ಲಿ ನೂರಕ್ಕೆ 41ರಷ್ಟು ಹೆಚ್ಚು ಅಪಾಯ ಅಂತು. ನನ್ನ ಅಭಿಪ್ರಾಯ ಕೇಳಿದ್ರೆ, ಜಗಳ ತೀರೋವರೆಗೂ ಕಾಯೋ ಅಗತ್ಯ ಇಲ್ಲ, ಗ್ಲೌಸು, ಗಮ್ ಬೂಟು ಹಾಕ್ಕೊಳ್ಳಕ್ಕೆ ತೀರ್ಪು ಬೇಕಾ? ಔಷಧಿ ಹೊಡೆದ ಬಟ್ಟೆನ ಹೊಡೆದವರೇ ಬೇರೆ ಬಕೆಟ್ಟಲ್ಲಿ ನೆನೆಸಿ ಗ್ಲೌಸ್ ಹಾಕ್ಕೊಂಡು ಒಗೀಲಿ, ಮನೆ ಬಟ್ಟೆ ಜೊತೆ ಸೇರಿಸ್ಬೇಡಿ, ಖಾಲಿ ಡಬ್ಬ ತೊಳ್ದು ನೀರು ತುಂಬಿಡೋದನ್ನಂತೂ ಇವತ್ತೇ ನಿಲ್ಸಿ.

ವೈರಸ್ ಇರಬಹುದಾ ಅಂತ ಓದಿದವರು ಕೇಳ್ತಾರೆ. ಮೈಲೋಮಾಗೆ ಇಂಥ ವೈರಸ್ ಅಂತ ಸಾಬೀತಾಗಿಲ್ಲ. ಬೇರೆ ಬ್ಲಡ್ ಕ್ಯಾನ್ಸರಿಗೆ ಮಾತ್ರ ಇದೆ, ಅದರಲ್ಲಿ ಒಂದರ ಕಥೆ ಹೇಳಲೇಬೇಕು. ಜಪಾನಿನ ನೈರುತ್ಯ ಭಾಗ, ಕ್ಯೂಶು ನಾಗಸಾಕಿ ಕಡೆ, ವಯಸ್ಕರ ಟಿ ಸೆಲ್ ಲ್ಯುಕೇಮಿಯಾ ಅಂತ ಒಂದು ಕಾಯಿಲೆ ಜಾಸ್ತಿ, 1977ರಲ್ಲಿ ಜಪಾನಿನ ಡಾಕ್ಟರುಗಳೇ ಅದನ್ನ ಬೇರೆ ಕಾಯಿಲೆ ಅಂತ ಗುರುತಿಸಿದ್ರು. ಅದಕ್ಕೆ ಕಾರಣ ಎಚ್‌ಟಿಎಲ್‌ವಿ 1 ಅನ್ನೋ ವೈರಸ್. ಈ ವೈರಸ್ ಗಂಡನಿಂದ ಹೆಂಡತಿಗೆ ನಿಜವಾಗ್ಲೂ ದಾಟುತ್ತೆ. ಹಾಗಾದ್ರೆ ಅಲ್ಲಿ ಇಬ್ಬರಿಗೂ ಲ್ಯುಕೇಮಿಯಾ ಬಂದ್ರೆ ಒಬ್ಬರಿಂದೊಬ್ಬರಿಗೆ ಬಂತು ಅಂತಾನೇ ಅಲ್ವಾ? ಅಲ್ಲ! ಲ್ಯುಕೇಮಿಯಾ ಆಗೋದು ಹೆಚ್ಚಾಗಿ ಹಸುಗೂಸಾಗಿದ್ದಾಗ ಎದೆಹಾಲಿಂದ ವೈರಸ್ ಬಂದವರಿಗೆ, ಅದೂ ಹತ್ತಾರು ವರ್ಷ ಆದಮೇಲೆ, ಅದೂ ನೂರರಲ್ಲಿ ಐದಾರು ಜನಕ್ಕೆ. ಅಂದ್ರೆ ಗಂಡಂಗೆ ಅವನ ತಾಯಿಯಿಂದ, ಹೆಂಡತಿಗೆ ಅವಳ ತಾಯಿಯಿಂದ ಬಂದಿರುತ್ತೆ, ಇಬ್ಬರೂ ಒಂದೇ ಸೀಮೆಯವರು ಅಷ್ಟೇ. ಮದುವೆಯಿಂದ ಬಂದ ಹಾಗೆ ಕಾಣೋದು ಎಷ್ಟೋ ಸಲ ಮದುವೆಗೆ ಮುಂಚಿನ ಊರಿಂದ ಬಂದಿರುತ್ತೆ. 1987ರಿಂದ ನಾಗಸಾಕಿಯಲ್ಲಿ ಬಸುರಿಯರ ರಕ್ತ ಪರೀಕ್ಷೆ ಮಾಡಿ ವೈರಸ್ ಇದ್ರೆ ಎದೆಹಾಲು ಬೇಡ ಅಂತ ಹೇಳೋಕೆ ಶುರು ಮಾಡಿದ ಮೇಲೆ ಮಕ್ಕಳಿಗೆ ಹರಡೋದು ತುಂಬಾ ಇಳೀತು. ಇನ್ನು ಹೊಟ್ಟೆಯ ಮಾಲ್ಟ್ ಲಿಂಫೋಮಾ ಇದೆ, ಹೆಲಿಕೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾದಿಂದ ಬರೋದು, ಆ ಬ್ಯಾಕ್ಟೀರಿಯಾ ಒಂದೇ ಮನೆಯವರಲ್ಲಿ ಹಂಚ್ಕೊಂಡಿರುತ್ತೆ, ಖುಷಿ ವಿಷಯ ಅಂದ್ರೆ ಆಂಟಿಬಯಾಟಿಕ್ ಕೊಟ್ರೇನೇ ಬಹಳಷ್ಟು ಜನರ ಗಡ್ಡೆ ಕರಗಿಹೋಗುತ್ತೆ. ನಿಮ್ಮಪ್ಪ ಅಮ್ಮಂಗೆ ಇದ್ಯಾವುದೂ ಅನ್ವಯ ಆಗಲ್ಲ.

ಬೋರ್ ನೀರು ಮೈಲೋಮಾ ತರುತ್ತೆ ಅಂತ ಹೇಳೋಕೆ ಪುರಾವೆ ಇಲ್ಲ. ಫ್ಲೋರೈಡ್ ಜಾಸ್ತಿ ಇದ್ರೆ ಹಲ್ಲು ಮೂಳೆ ಕೆಡುತ್ತೆ, ಆರ್ಸೆನಿಕ್ ಇದ್ರೆ ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್. ನೀರು ಟೆಸ್ಟ್ ಮಾಡಿಸೋದು ಒಳ್ಳೇದೇ, ಮಾಡ್ಸಿ, ಆದ್ರೆ ಈ ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲ್ಲ.

ನೀವು ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದೀರ, ನಂಗೆ ಅದೇ ಮುಖ್ಯ ಅನ್ನಿಸ್ತು, ಅಮ್ಮ ಅಪ್ಪಂಗೆ ಸೋದರಮಾವನ ಮಗಳು. ಬೇರೆ ದೇಶದ ಅಧ್ಯಯನಗಳಲ್ಲಿ ಗಂಡ ಹೆಂಡತಿ ಅಂದ್ರೆ ರಕ್ತಸಂಬಂಧ ಇಲ್ಲದವರು ಅಂತಾನೇ ಲೆಕ್ಕ ಶುರುವಾಗುತ್ತೆ. ಸ್ವೀಡನ್ನಿನ ದೊಡ್ಡ ಕುಟುಂಬ ದಾಖಲೆಗಳಲ್ಲಿ ದಂಪತಿಗಳನ್ನ ಹೋಲಿಸಿ ನೋಡಿದಾಗ ಒಟ್ಟಿಗೆ ಹೆಚ್ಚಾಗಿ ಬಂದಿದ್ದು ಶ್ವಾಸಕೋಶ, ಹೊಟ್ಟೆಯಂಥ ಕ್ಯಾನ್ಸರು, ಅಂದ್ರೆ ಬೀಡಿ ಸಿಗರೇಟು ಊಟದ ನಂಟಿರೋವು, ಒಂದೇ ಮನೇಲಿ ಬದುಕೋದು ಅಷ್ಟು ದೊಡ್ಡ ಕಾರಣ ಅಲ್ಲ, ವಂಶವಾಹಿನೇ ದೊಡ್ಡದು ಅಂತ ಅವರು ಅಂದ್ಕೊಂಡ್ರು. ನಮ್ಮಲ್ಲಿ ಆ ಎರಡನ್ನ ಬೇರೆ ಮಾಡೋದೇ ಕಷ್ಟ. ಸೋದರಿಕೆ ಮದುವೇಲಿ ಗಂಡ ಹೆಂಡತಿ ಎಂಟರಲ್ಲಿ ಒಂದು ಪಾಲು ವಂಶವಾಹಿ ಹಂಚ್ಕೊಂಡಿರ್ತಾರೆ, ಅಕ್ಕನ ಮಗಳನ್ನೇ ತಂದ್ಕೊಂಡಿದ್ರೆ ನಾಲ್ಕರಲ್ಲಿ ಒಂದು. ಮೈಲೋಮಾದಲ್ಲಿ ಅಪ್ಪ ಅಮ್ಮ ಒಡಹುಟ್ಟಿದವರಿಗೆ ಇದ್ರೆ ಅಪಾಯ ಎರಡರಿಂದ ನಾಲ್ಕು ಪಟ್ಟು ಆಗುತ್ತೆ. ಸೋದರಿಕೆ ನಂಟು ಅಷ್ಟು ಹತ್ರದ್ದಲ್ಲ, ಅಪಾಯ ಏರಿದ್ರೂ ಚೂರೇ ಏರಿರುತ್ತೆ, ಆದ್ರೂ ಅಜ್ಜಿ ತಾತನ ಕಡೆ, ಅಪ್ಪನ ಸೋದರಮಾವಂಗೆ, ಅಂದ್ರೆ ಅಮ್ಮನ ತಂದೆಗೆ, ಹೀಗೆ ಮೂಳೆ ಮುರಿದು, ರಕ್ತ ಕಮ್ಮಿಯಾಗಿ, ಕಿಡ್ನಿ ಹೋಗಿ ಯಾರಾದ್ರೂ ತೀರ್ಕೊಂಡಿದ್ರಾ ಅಂತ ಮನೆಯ ಹಿರಿಯರನ್ನ ಕೇಳಿ. ಆಗ ಅದಕ್ಕೆ ಮೈಲೋಮಾ ಅಂತ ಯಾರೂ ಹೆಸರು ಹೇಳಿರಲ್ಲ, ಲಕ್ಷಣ ಮಾತ್ರ ನೆನಪಿರುತ್ತೆ. ದೊಡ್ಡಮ್ಮನ್ನೇ ಕೇಳಿ ನೋಡಿ, ಗೊತ್ತಿದ್ರೂ ಇರುತ್ತೆ.

ನಿಮ್ಮಿಬ್ಬರ ವಿಷಯ. ಅಪ್ಪ ಅಮ್ಮ ಇಬ್ಬರಿಗೂ ಇರೋದ್ರಿಂದ ನಿಮಗೆ ಹತ್ತಿರದ ರಕ್ತಸಂಬಂಧಿಗಳು ಇಬ್ಬರು ಆದ್ರು, ಅದನ್ನ ಸುಮ್ನೆ ತಳ್ಳಿಹಾಕಲ್ಲ. ಆದ್ರೆ ಮೂಲ ಅಪಾಯನೇ ಸಣ್ಣದು, ಸಣ್ಣದರ ಮೂರು ನಾಲ್ಕು ಪಟ್ಟೂ ಸಣ್ಣದೇ. ಎಲ್ಲರಿಗೂ ಎಂಜಿಯುಎಸ್ ಪರೀಕ್ಷೆ ಮಾಡಿ ಅಂತ ಯಾವ ಮಾರ್ಗಸೂಚಿಯೂ ಹೇಳಲ್ಲ, ಐಸ್‌ಲ್ಯಾಂಡಲ್ಲಿ 40 ದಾಟಿದ 80 ಸಾವಿರ ಜನರನ್ನ ಸೇರಿಸ್ಕೊಂಡು ಹಾಗೆ ಹುಡುಕೋದ್ರಿಂದ ಲಾಭ ಇದ್ಯಾ ಅಂತಾನೇ ನೋಡ್ತಿದಾರೆ. ನಿಮ್ಮ ಮನೆಯ ವಿಷಯ ಬೇರೆ ಅಂತ ನನ್ನ ಲೆಕ್ಕ. 40 ಆಗ್ತಿದ್ದ ಹಾಗೆ ಒಂದ್ಸಲ ಸೀರಂ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್, ಫ್ರೀ ಲೈಟ್ ಚೈನ್, ಜೊತೆಗೆ ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಮಾಡ್ಸಿ, ಅಪ್ಪ ಅಮ್ಮನ ಹೆಮಟಾಲಜಿಸ್ಟ್ ಹತ್ರಾನೇ ತೋರಿಸಿ, ಫುಲ್ ಬಾಡಿ ಚೆಕಪ್ ಪ್ಯಾಕೇಜಲ್ಲಿ ಇವು ಸಾಮಾನ್ಯವಾಗಿ ಇರಲ್ಲ, ಕೇಳಿ ಬರೆಸ್ಕೋಬೇಕು. ಸಣ್ಣ ಎಂ ಬ್ಯಾಂಡ್ ಬಂತು ಅಂತಾನೇ ಇಟ್ಕೊಳ್ಳಿ, ಅದು ಕ್ಯಾನ್ಸರ್ ಅಲ್ಲ, ಮೊದಲು ಆರು ತಿಂಗಳಿಗೊಮ್ಮೆ ಆಮೇಲೆ ವರ್ಷಕ್ಕೊಮ್ಮೆ ನೋಡ್ತಾ ಹೋಗೋದು ಅಷ್ಟೇ, ಔಷಧಿನೂ ಇಲ್ಲ.

ಮಾತ್ರೆ ಮುಟ್ಟಿದ್ದಕ್ಕೆ ಅಮ್ಮಂಗೆ ಬಂತಾ ಅಂದ್ರೆ ಇಲ್ಲ. ಮೆಲ್ಫಲಾನ್‌ನಂಥ ಕೀಮೋ ಮಾತ್ರೆಯನ್ನ ತಿಂಗಳುಗಟ್ಟಲೆ ನುಂಗಿದವರಿಗೇ ಮುಂದೆ ಬೇರೆ ರಕ್ತದ ಕಾಯಿಲೆ ಬರೋ ಚೂರು ಅಪಾಯ ಇದೆ, ಸ್ಟ್ರಿಪ್ಪಿಂದ ತೆಗೆದು ಕೈಗೆ ಕೊಟ್ಟವರಿಗಲ್ಲ. ಆದ್ರೆ ತಂಗಿಗೆ 35 ಅಂದ್ರಲ್ಲ, ಮಗು ಆಗೋ ಯೋಚನೆ ಇದ್ರೆ ಮೈಲೋಮಾಗೆ ಕೊಡೋ ಲೆನಾಲಿಡೊಮೈಡ್ ಕ್ಯಾಪ್ಸೂಲ್ ಅವರ ಕೈಗೆ ಕೊಡ್ಬೇಡಿ, ಅದು ಥಾಲಿಡೊಮೈಡ್ ಜಾತೀದು, ಹೊಟ್ಟೇಲಿರೋ ಮಗುವಿಗೆ ಅಪಾಯ. ಕ್ಯಾಪ್ಸೂಲ್ ಒಡೆದು ಪುಡಿ ಹೊರಗೆ ಬಂದಿದ್ರಂತೂ ನೀವೇ ಗ್ಲೌಸ್ ಹಾಕ್ಕೊಂಡು ಒದ್ದೆ ಬಟ್ಟೇಲಿ ಒರೆಸಿ ಕವರಿಗೆ ಹಾಕಿ ಕಟ್ಟಿ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಲ್ಲಿ ವಾಪಸ್ ಕೊಡಿ.